ಹಾಜರಿಯಲ್ಲಿ ಇಲ್ಲದ ಹೆಸರು

ಶಿಬಿರ ಅಂದರೆ ಈ ಪತ್ರಿಕೆ ಓದುವ ಗೆಳೆಯರಿಗೆ ಅಧ್ಯಯನ ಶಿಬಿರ ನೆನಪಾಗುತ್ತದೆ. ಜಮಖಾನೆ, ಕರಪತ್ರ, ಹೋರಾಟದ ಹಾಡು, ರಾತ್ರಿ ಎರಡರ ತನಕ ವಾದ. ಪೇಟೆಯ ಮಕ್ಕಳಿಗೆ ಶಿಬಿರ ಅಂದರೆ ಈಜು, ಚಿತ್ರಕಲೆ, ನಾಟಕ. ನಮಗೆ ಮಾತ್ರ ಶಿಬಿರ ಅಂದರೆ ಎರಡು ತಿಂಗಳ ಊಟ. ಹೀಗೆ ಹೇಳಲು ಹೈಸ್ಕೂಲಿನಲ್ಲಿ ನಾಚುತ್ತಿದ್ದೆವು. ಈಗ ನಾಚಿಕೆ ಇಲ್ಲ.

2009ರ ಏಪ್ರಿಲ್, ಮೇ. ಯಮಕನಮರಡಿ ಸುತ್ತಿನ ಒಂದು ಊರಿನ ಸಾಲಿ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾದೀತು. ಸರಕಾರ ಆ ಶಿಬಿರಕ್ಕೆ ಇಟ್ಟ ಹೆಸರು ‘ಚಿಣ್ಣರ ಅಂಗಳ’. ಸರ್ವ ಶಿಕ್ಷಣ ಅಭಿಯಾನದ ಕಾಲ ಅದು. ಸಾಲಿ ಬಿಟ್ಟ ಮಕ್ಕಳನ್ನು, ಸಾಲಿಯ ಮೆಟ್ಟಿಲನ್ನೇ ಹತ್ತದ ಮಕ್ಕಳನ್ನು ಬೇಸಿಗೆ ಸೂಟಿಯಲ್ಲಿ ಒಂದೆಡೆ ಕೂಡಿಸಿ, ಅರವತ್ತು ದಿನ ಅಕ್ಷರ, ಲೆಕ್ಕ ಕಲಿಸಿ, ಜೂನ್‌ನಲ್ಲಿ ವಯಸ್ಸಿಗೆ ತಕ್ಕ ಇಯತ್ತೆಗೆ ಸೇರಿಸಬೇಕು ಅನ್ನುವುದು ಲೆಕ್ಕಾಚಾರ.

ನಾವು ಮೂವತ್ನಾಲ್ಕು ಮಂದಿ. ಸಾಲಿ ಯಾಕ ಬಿಟ್ಟಿರಿ ಅಂತ ಅಕ್ಕೋರು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡರು. ಮುಕ್ಕಾಲು ಮಂದಿಯದು ಒಂದೇ ಉತ್ತರ: ಕಬ್ಬು. ಹಂಗಾಮು ಸುರುವಾಗುವ ಮುಂಚೆ ಮುಕಾದಮ ಮನೆಗೆ ಬಂದು ಮುಂಗಡ ಎಣಿಸಿ ಹೋಗುತ್ತಿದ್ದ. ದೀಪಾವಳಿ ಆಗುತ್ತಿದ್ದಂತೆ ಅವ್ವ ಅಪ್ಪ ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೊರಡುತ್ತಿದ್ದರು. ಕೂಸು ಆಡಿಸಲು, ನೀರು ಹೊರಲು ನಾವು. ರವದಿ ಹೊದಿಸಿದ ಗುಡಿಸಲೇ ನಮ್ಮ ಮನೆ. ಫ್ಯಾಕ್ಟರಿಯ ಭೋಂಗಾ ನಿಂತ ಮೇಲೆ ಊರಿಗೆ ಬಂದರೆ ಪರೀಕ್ಷೆಯೂ ಮುಗಿದಿರುತ್ತಿತ್ತು, ಹಾಜರಿಯಿಂದ ನಮ್ಮ ಹೆಸರೂ ಹೋಗಿರುತ್ತಿತ್ತು.

ಆ ಮೂವತ್ನಾಲ್ಕರಲ್ಲಿ ಮಾದರ ಕೇರಿಯವರಿದ್ದೆವು, ಚಲವಾದಿಗಳಿದ್ದೆವು. ಬೇಡರ ಹುಡುಗರು, ಕುರುಬರ ಹುಡುಗರು, ಇಬ್ಬರು ಮುಸಲ್ಮಾನರ ಹುಡುಗಿಯರು. ದೊಡ್ಡ ಓಣಿಯಿಂದ ಒಬ್ಬ. ಅವರಪ್ಪ ಹೊಲ ಕುಡಿದು ಕಳೆದಿದ್ದ, ಹುಡುಗ ಸಾಲಿ ಬಿಟ್ಟು ಗ್ಯಾರೇಜಿನಲ್ಲಿ ಸ್ಪಾನರು ಹಿಡಿದಿದ್ದ. ನಾವು ಅವನನ್ನು ‘ಗೌಡ’ ಅಂತಲೇ ಕರೆಯುತ್ತಿದ್ದೆವು. ಅವನಿಗೂ ಅದು ಸಿಟ್ಟಲ್ಲ. ಎಲ್ಲರೂ ಒಂದೇ ಖೋಲಿಯಲ್ಲಿ ಮಲಗಿದೆವು. ಒಂದೇ ಹಂಡೆಯ ನೀರು ಕುಡಿದೆವು. ಹಂಡೆಯ ಮೇಲೆ ಒಂದೇ ಚರಗಿ.

ಅಡಿಗೆ ಮಾಡಲು ಆ ಊರಿನ ಕೇರಿಯಿಂದ ಒಬ್ಬಳು ಬರುತ್ತಿದ್ದಳು. ನಮಗೆಲ್ಲ ದೊಡ್ಡವ್ವ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ರೊಟ್ಟಿ ಪಲ್ಯ. ರವಿವಾರ ಗೋದಿ ಹುಗ್ಗಿ. ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಪಾಟಿ ಬಿಟ್ಟು ಓಡುತ್ತಿದ್ದೆವು. ಬಿಸಿ ರೊಟ್ಟಿಗಾಗಿ ಜಗಳ. ಗೌಡ ನಮ್ಮ ಕೈಯೊಳಗಿನ ತುಂಡು ಕಸಗೊಂಡು ತಿಂದು ಓಡುತ್ತಿದ್ದ. ದೊಡ್ಡವ್ವ ಕೊಳ್ಳಿ ತೋರಿಸಿ ಬೈಯುತ್ತಿದ್ದಳು: “ಹೊಟ್ಟಿ ಐತೋ ಹಗೇವು ಐತೋ ನಿಂದು?”

ಆಗ ಅದು ಬರೀ ಜಗಳವಾಗಿತ್ತು. ಅದರ ಬೆಲೆ ನಮಗೆ ತಿಳಿದದ್ದು ಕಾಲೇಜಿಗೆ ಬಂದು, ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದಾಗ. 1901ರ ಬೇಸಿಗೆ ಸೂಟಿ. ಸಾತಾರೆಯಲ್ಲಿದ್ದ ಆ ಹುಡುಗ ತಂದೆ ಕೆಲಸ ಮಾಡುವ ಊರಿಗೆ ಹೊರಟು, ಮಸೂರು ಸ್ಟೇಶನ್ನಿನಲ್ಲಿ ಇಳಿಯುತ್ತಾನೆ. ಜಾತಿ ಕೇಳಿದ ಮೇಲೆ ಗಾಡಿ ಸಿಗುವುದಿಲ್ಲ. ಕಡೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಹುಡುಗರೇ ಚಕ್ಕಡಿ ಹೊಡೆದು, ಗಾಡಿಯವ ಬದಿಗೆ ನಡೆದು ಹೋಗಬೇಕಾಗುತ್ತದೆ. ಬುತ್ತಿ ಇದೆ, ಕುಡಿಯಲು ನೀರು ಕೊಡುವವರಿಲ್ಲ. ಆ ರಾತ್ರಿ ಉಪವಾಸ. ಆ ಸಾತಾರೆ ನಮಗೆ ಪರದೇಶವಲ್ಲ. ಯಮಕನಮರಡಿಯ ಮಗ್ಗುಲಲ್ಲೇ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ನಿಪ್ಪಾಣಿ, ಕೊಲ್ಹಾಪುರ ದಾಟಿ ಅದೇ ಸಾತಾರೆ. ಅದೇ ದಾರಿಯ ನಿಪ್ಪಾಣಿಗೆ ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿಗೆ ಬಂದಿದ್ದರು. ಅವರಿಗೆ ಒಂದು ಬೇಸಿಗೆಯಲ್ಲಿ ಸಿಗದ ಒಂದು ಚರಗಿ ನೀರು ನೂರೆಂಟು ವರ್ಷದ ಮೇಲೆ ಅದೇ ದಾರಿಯಲ್ಲಿ ನಮಗೆ ಅರವತ್ತು ದಿನ ಸಿಕ್ಕಿತ್ತು.

ಅರವತ್ತೇ ದಿನ.

ಜೂನ್ ಬಂತು. ನಮ್ಮನ್ನು ನಮ್ಮ ನಮ್ಮ ಊರಿನ ಸಾಲಿಗೆ ಸೇರಿಸಿದರು. ಆ ಊರಿನ ಹುಡುಗರು ಅಲ್ಲೇ ಸೇರಿದರು. ದೊಡ್ಡವ್ವ ಬಿಸಿಯೂಟದ ಅಡಿಗೆ ತನಗೇ ಸಿಗುತ್ತದೆ ಅಂತ ನಂಬಿಕೊಂಡಿದ್ದಳು. ನಂಬಬಾರದ ಮಾತೂ ಅಲ್ಲ. ಸಾಲಿಯಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟು 2001ರ ನವೆಂಬರ್ 28ಕ್ಕೆ ಹೇಳಿತ್ತು. 2004ರ ಏಪ್ರಿಲ್ 20ರ ಆದೇಶದಲ್ಲಿ, ಅಡಿಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತಲೂ ಹೇಳಿತ್ತು. ಕೋರ್ಟಿಗೆ ಗೊತ್ತಿತ್ತು, ಜಾತಿ ಅಡಿಗೆಮನೆಯಲ್ಲೇ ಬೇರು ಬಿಟ್ಟಿದೆ ಅಂತ. ಊರಿಗೂ ಗೊತ್ತಿತ್ತು. ಕೆಲವು ಮನೆಯವರು ಬಂದು, ಆಕೆ ಅಡಿಗೆ ಮಾಡಿದರ ನಮ್ಮ ಮಕ್ಕಳ ತಾಟ ಮನೀಗೇ ಒಯ್ಯತೇವಿ ಅಂದರಂತೆ. ಜಗಳ ಯಾಕ ಅಂತ ಒಂದು ‘ಹೊಂದಾಣಿಕೆ’ ಆಯಿತು. ಅಡಿಗೆ ಬೇರೆಯವರಿಗೆ. ಕಸ ಹೊಡೆಯುವುದು, ಭಾಂಡೆ ತಿಕ್ಕುವುದು ದೊಡ್ಡವ್ವನಿಗೆ. ತಾಟು ತೊಳೆಯಬಹುದು, ಅದರಲ್ಲಿ ಅನ್ನ ಹಾಕಬಾರದು. ಇದನ್ನು ತಕರಾರು ಅಂತ ಯಾರೂ ಬರೆಯಲಿಲ್ಲ. ಬರೆಯದ್ದು ಆಗಿಲ್ಲ ಅಂತಲೇ ಲೆಕ್ಕ.

ಇಷ್ಟೂ ನಮಗೆ ತಿಳಿದದ್ದು ಹದಿನಾರು ವರ್ಷದ ಮೇಲೆ, 2025ರ ಮೇ ತಿಂಗಳ ಒಂದು ರವಿವಾರ.

ಈಗ ನಮ್ಮ ಕಡೆ ಊರೂರಲ್ಲಿ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ದ ಗಾಳಿ ಎದ್ದಿದೆ. ಹಳೆಯ ವಿದ್ಯಾರ್ಥಿಗಳು ಕೂಡುವುದು, ಮಾಸ್ತರರಿಗೆ ಶಾಲು ಹೊದಿಸುವುದು, ಫೋಟೋ ಹೊಡೆಸಿಕೊಳ್ಳುವುದು. ನಾವೂ ಮಾಡೂಣ ಅಂತ ನಮ್ಮವನೇ ಒಬ್ಬ ವಾಟ್ಸಾಪಿನಲ್ಲಿ ಗುಂಪು ಕಟ್ಟಿದ. ನಮಗೆ ನಗು ಬಂತು. ಸಮ್ಮಿಲನ ಮಾಡಲು ನಾವೇನು ಕಾನ್ವೆಂಟಿನವರೇ? ಆದರೂ ಹುರುಪು ಬಂತು. ಇನ್ನೂರು ಇನ್ನೂರು ರೂಪಾಯಿ ಕೂಡಿಸಿದೆವು. ಫ್ಲೆಕ್ಸ್ ಬರೆಸಿದೆವು. ಗೋಕಾಕದಿಂದ ಊಟ ತರಿಸಲು ಹೇಳಿದೆವು. ಅಕ್ಕೋರಿಗೆ ಶಾಲು, ಹಾರ, ನೆನಪಿನ ಕಾಣಿಕೆ ತಂದೆವು. ಯಾರನ್ನು ಕರೆಯಬೇಕು ಅನ್ನುವ ಪಟ್ಟಿಯನ್ನು ಮೂರು ಸಲ ತಿದ್ದಿದೆವು.

ಸಾಲಿ ಬದಲಾಗಿತ್ತು. ಹಂಡೆ ಇದ್ದಲ್ಲಿ ನಳ. ನಾವು ಮಲಗಿದ ಖೋಲಿಗೆ ಫರಶಿ ಹಾಸಿದ್ದರು. ಬೇವಿನ ಗಿಡ ಮಾತ್ರ ಹಾಗೇ ಇತ್ತು. ಬಂದವರು ಹದಿಮೂರು ಮಂದಿ. ಒಬ್ಬ ಪೊಲೀಸು, ಒಬ್ಬ ಖಾಸಗಿ ಬ್ಯಾಂಕಿನ ವಸೂಲಿಯವ, ಇಬ್ಬರು ಟ್ರ್ಯಾಕ್ಟರ್ ಡ್ರೈವರು. ಗೌಡ ಸ್ವಂತ ಗ್ಯಾರೇಜು ಹಾಕಿದ್ದಾನೆ. ಬಂದವನೇ ತೆಕ್ಕಿಗೆ ಬಿದ್ದ. ಕಣ್ಣೀರು ಸುಳ್ಳಾಗಿರಲಿಲ್ಲ, ಅವನದೂ, ನಮ್ಮದೂ.

ನಮ್ಮೊಳಗೆ ಕವಿತೆ ಬರೆಯುವ ಚಟ ಇದ್ದವರಿಗೆ, ಸವಿನೆನಪಿನ ಮೇಲೊಂದು ಕವಿತೆ ಓದ್ರಿ ಅಂದರು. ಬರೆದುಕೊಂಡು ಹೋದದ್ದೂ ಇತ್ತು. ಅಷ್ಟರಲ್ಲಿ ಅಕ್ಕೋರು ಚೀಲದಿಂದ ಒಂದು ನೋಟಬುಕ್ಕು ತೆಗೆದರು. ಸರಕಾರಿ ಹಾಜರಿ ಎಲ್ಲಿ ಹೋಯಿತೋ, ಇದು ಅವರು ತಮಗಾಗಿ ಬರೆದಿಟ್ಟುಕೊಂಡಿದ್ದ ಹೆಸರುಗಳು. ಕವಿತೆ ಕಿಸೆಯಲ್ಲೇ ಉಳಿಯಿತು. ಹಾಜರಿ ಓದಿದೆವು.

ಒಂದೊಂದು ಹೆಸರಿಗೆ ಗೊತ್ತಿದ್ದವರು ಉತ್ತರ ಹೇಳಬೇಕು. ಹತ್ತನೇ ಇಯತ್ತೆ ಪಾಸಾದವರು ಹನ್ನೊಂದು. ಡಿಗ್ರಿ ಮುಗಿಸಿದವರು ಮೂವರೇ. ಹದಿನೆಂಟಾಗುವ ಮುಂಚೆ ಲಗ್ನವಾದ ಹುಡುಗಿಯರು ನಾಲ್ವರು. ಒಬ್ಬ ಕಬ್ಬಿನ ಟ್ರೇಲಿ ಪಲ್ಟಿಯಾಗಿ ಸತ್ತ, ಹತ್ತೊಂಬತ್ತಕ್ಕೆ. ಆ ಹೆಸರಿಗೆ ಯಾರೂ ಬೇಗ ಬಾಯಿ ತೆರೆಯಲಿಲ್ಲ. ಇನ್ನೊಬ್ಬಳು ಈಗಲೂ ಗ್ಯಾಂಗಿನ ಜೋಡಿ ಕೊಲ್ಹಾಪುರದ ಕಡೆ ಹೋಗುತ್ತಾಳೆ. ಅವಳ ಮಗನಿಗೆ ಈಗ ಒಂಬತ್ತು ವರ್ಷ. ನಾವು ಈ ಖೋಲಿಗೆ ಬಂದಾಗಿನ ವಯಸ್ಸು. ಶಿಕ್ಷಣದ ಹಕ್ಕಿನ ಕಾಯ್ದೆ ಜಾರಿಯಾದದ್ದು ನಮ್ಮ ಶಿಬಿರದ ಮರುವರ್ಷ, 2010ರ ಏಪ್ರಿಲ್ 1ಕ್ಕೆ. ಆರರಿಂದ ಹದಿನಾಲ್ಕರ ತನಕ ಕಲಿಯುವುದು ಹಕ್ಕು. ಆ ಹುಡುಗನ ಹಕ್ಕು ಕಬ್ಬಿನ ಗಾಡಿ ಹತ್ತಿ ಹೋಗುತ್ತದೆ, ದೀಪಾವಳಿಗೆ.

ಹಾಜರಿ ಮುಗಿಯಿತು. ಶಾಲು ಹೊದಿಸುವ ಹೊತ್ತು. ಆಗ ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿ ಕುಂತದ್ದು ಕಂಡಿತು. ತಲೆತುಂಬ ಸೆರಗು, ಮಗ್ಗಲಲ್ಲಿ ಬುಟ್ಟಿ. ಯಾರೋ ಕೂಲಿಯವಳು ಅಂತ ಎಲ್ಲರೂ ದಾಟಿ ಬಂದಿದ್ದೆವು.

ದೊಡ್ಡವ್ವ.

ಯಾರೂ ಆಕೆಯನ್ನು ಕರೆದಿರಲಿಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಊರು ಆಕೆಯನ್ನು ಅಡಿಗೆಮನೆಯಿಂದ ತೆಗೆಯಿತು ಅಂತ ಸಿಟ್ಟಾಗುವ ಮುಂಚೆ, ಪಟ್ಟಿಯಿಂದ ತೆಗೆದವರು ನಾವೇ. ತೆಗೆದೆವು ಅನ್ನುವುದೂ ಸುಳ್ಳು, ಹಾಕಿಯೇ ಇರಲಿಲ್ಲ. ಅಕ್ಷರ ಕಲಿಸಿದವರಿಗೆ ಶಾಲು ತರಬೇಕು ಅಂತ ಹೊಳೆಯಿತು. ಅನ್ನ ಹಾಕಿದವಳ ಹೆಸರು ಏನು ಅಂತಲೂ ಹದಿಮೂರು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೆಳಗಾವಿ, ಧಾರವಾಡದಲ್ಲಿ ಖೋಲಿ ಹುಡುಕುವಾಗ ಮನೆ ಮಾಲಕರು ನಮ್ಮ ಅಡ್ಡಹೆಸರು ಕೇಳಿದರೆ ಕವಿತೆ ಬರೆಯುವ ನಾವು, ಆಕೆಯ ಹೆಸರನ್ನೇ ಕೇಳಿರಲಿಲ್ಲ.

“ನೀವು ಕೂಡತೀರಿ ಅಂತ ಮಂದಿ ಅಂದ್ರು,” ಅಂದಳು. “ಅದಕ ನಾಕು ರೊಟ್ಟಿ ಬಡಕೊಂಡ ಬಂದ್ಯಾ.”

ಬುಟ್ಟಿ ಬಿಚ್ಚಿದಳು. ಜೋಳದ ರೊಟ್ಟಿ, ಗುರೆಳ್ಳ ಹಿಂಡಿ, ಉಳ್ಳಾಗಡ್ಡಿ. ಗೋಕಾಕದ ಊಟ ಆ ಕಡೆ ಟೇಬಲ್ಲಿನ ಮೇಲಿತ್ತು. ನಾವು ಕೇರಿಯವರು ಮೊದಲು ಕೈ ಚಾಚಿದೆವು. ಮುಸಲ್ಮಾನರ ಹುಡುಗಿ, ಈಗ ಎರಡು ಮಕ್ಕಳ ತಾಯಿ, ಆಕೆಯ ಮಗ್ಗಲಲ್ಲೇ ಕುಂತು ತಿಂದಳು. ಪೊಲೀಸಣ್ಣ ನಿಂತುಕೊಂಡೇ ಅರ್ಧ ಮುರಿದ. ಉಳಿದ ಮೂವರು ನಕ್ಕರು, ನಮಸ್ಕಾರ ಮಾಡಿದರು. “ಈಗಷ್ಟ ನಾಷ್ಟಾ ಆಗೇತಿ ದೊಡ್ಡವ್ವ, ಹೊಟ್ಟಿ ತುಂಬೇತಿ” ಅಂದರು. ಅರ್ಧ ತಾಸಿನ ಮೇಲೆ ಅದೇ ಹೊಟ್ಟೆಗೆ ಟೇಬಲ್ಲಿನ ಪೂರಿ ಹಿಡಿಯಿತು.

ಗೌಡ ಮಾತ್ರ ಮುಂದೆ ಬಂದ. ದೊಡ್ಡವ್ವನ ಕಾಲು ಮುಟ್ಟಿದ. ಎರಡೂ ಕೈ ಒಡ್ಡಿ ಒಂದು ರೊಟ್ಟಿ ಇಸಗೊಂಡ. ಪೇಪರಿನಲ್ಲಿ ಸುತ್ತಿದ.

“ಮನೀಗೆ ಒಯ್ಯತೇನಿ,” ಅಂದ.

ಮೋಟಾರ್ ಸೈಕಲ್ಲಿನ ಚೀಲದಲ್ಲಿ ಇಟ್ಟ. ಅವನು ನಮ್ಮ ಕಡೆ ನೋಡಲಿಲ್ಲ. ಮನೆಯಲ್ಲಿ ತಿಂದನೋ ಇಲ್ಲವೋ ನಮಗೆ ಗೊತ್ತಿಲ್ಲ. ತಿಂದಿರಬಹುದು. ಅವನನ್ನು ಕೆಟ್ಟವ ಅನ್ನಲು ನಾಲಗೆ ಏಳುವುದಿಲ್ಲ. ಅವನ ಓಣಿ, ಅವನ ಹೆಂಡತಿಯ ತವರು, ಗ್ಯಾರೇಜಿಗೆ ಬರುವ ಗಿರಾಕಿ ಎಲ್ಲವೂ ಅವನ ಹಿಂದೆ ನಿಂತಿದ್ದವು. ಆದರೆ ಒಂಬತ್ತು ವರ್ಷದವನಿದ್ದಾಗ ಕೈಯೊಳಗಿನದನ್ನು ಕಸಗೊಂಡು ತಿಂದವನು, ಇಪ್ಪತ್ತೈದಕ್ಕೆ ಕೊಟ್ಟದ್ದನ್ನು ಮಂದಿಯ ಮುಂದೆ ತಿನ್ನಲಾರದೆ ಹೋದ. ಈ ಹದಿನಾರು ವರ್ಷದಲ್ಲಿ ಅವನಿಗೆ ಇದನ್ನು ಕಲಿಸಿದ ಸಾಲಿ ಯಾವುದು? ಅದಕ್ಕೆ ಹಾಜರಿ ಪುಸ್ತಕ ಇಲ್ಲ, ಸೂಟಿಯೂ ಇಲ್ಲ.

ಯಮಕನಮರಡಿ 2008ರಿಂದ ಮೀಸಲು ಮತಕ್ಷೇತ್ರ. ಮತ ಕೇಳುವವರು ಕೇರಿಗೂ ಬರುತ್ತಾರೆ, ದೊಡ್ಡ ಓಣಿಗೂ ಹೋಗುತ್ತಾರೆ. ಮತದ ಪೆಟ್ಟಿಗೆಗೆ ಮೈಲಿಗೆ ಇಲ್ಲ. ಅಸ್ಪೃಶ್ಯತೆ ನಿಷೇಧ ಅಂತ ಸಂವಿಧಾನದ 17ನೇ ವಿಧಿಯಲ್ಲಿ ಬರೆದಿದೆ. ಆದರೆ ರೊಟ್ಟಿಯ ಬುಟ್ಟಿ ಬಿಚ್ಚಿದಾಗ ಯಾರು ಎಲ್ಲಿ ನಿಂತರು ಅಂತ ನೋಡಿದೆವಲ್ಲ, ಆ ನಕಾಶೆಯಲ್ಲಿ ಊರು ಮತ್ತು ಕೇರಿ ಎರಡೇ ಇದ್ದವು.

ಅಕ್ಕೋರು ಎದ್ದರು. ತಮಗೆ ತಂದ ಶಾಲನ್ನು ದೊಡ್ಡವ್ವನಿಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ರೊಟ್ಟಿ ತಿನ್ನದವರು ಇನ್ನೂ ಜೋರಾಗಿ ತಟ್ಟಿದರು. ನಮಗೆ ಚಪ್ಪಾಳೆ ತಟ್ಟಲು ಮನಸ್ಸಾಗಲಿಲ್ಲ. ನೋಟಬುಕ್ಕು ಇಸಗೊಂಡು, ಆಕೆಯ ಹೆಸರು ಕೇಳಿ, ಮೂವತ್ತೈದನೆಯದಾಗಿ ಬರೆದೆವು. ಆ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಆಕೆ ಇನ್ನೂ ಅದೇ ಊರಿನಲ್ಲಿ ಬದುಕಬೇಕು, ಅದೇ ಅಂಗಡಿಗೆ ಸಾಮಾನಿಗೆ ಹೋಗಬೇಕು.

ಹಳ್ಳಿಯ ಸಾಲಿಗಳಲ್ಲಿ ದುಡಿಯುವ ಮಾಸ್ತರರೇ, ಅಕ್ಕೋರೇ, ನಿಮಗೊಂದು ಮಾತು. ನಾಳೆ ಸಾಲಿಗೆ ಹೋದಾಗ ಅಡಿಗೆಮನೆಗೆ ಒಮ್ಮೆ ಹಣಿಕಿ ಹಾಕಿರಿ. ಸೌಟು ಯಾರ ಕೈಯಲ್ಲಿದೆ, ಬೂದಿ ಯಾರ ಕೈಯಲ್ಲಿದೆ ನೋಡಿರಿ. ಕೇರಿಯ ಹೆಣ್ಣುಮಗಳು ಬರೀ ಭಾಂಡೆ ತಿಕ್ಕುತ್ತಿದ್ದರೆ ಅದು ಯಾವ ‘ಹೊಂದಾಣಿಕೆ’ಯಿಂದ ಆಯಿತು ಅಂತ ಕೇಳಿರಿ, ಕೇಳಿದ್ದನ್ನು ಬರೆದಿಡಿರಿ. ಮತ್ತೆ ಮಕ್ಕಳ ಮುಂದೆ ಆಕೆಯ ಕೈಯಿಂದ ಒಂದು ತುತ್ತು ನೀವೇ ಮೊದಲು ಉಣ್ಣಿರಿ. ಪಾಠದ ಪುಸ್ತಕದಲ್ಲಿ ಸಮಾನತೆ ಓದಿಸುವುದು ಆಮೇಲೆ ಇದ್ದೇ ಇದೆ.

ಹೊತ್ತು ಮುಳುಗುವಾಗ ದೊಡ್ಡವ್ವನನ್ನು ಮನೆ ತನಕ ಬಿಡಲು ಹೋದೆವು. ಶಾಲನ್ನು ಮಡಿಚಿ ಖಾಲಿ ಬುಟ್ಟಿಯಲ್ಲಿ ಇಟ್ಟಿದ್ದಳು. ತಪ್ಪಾತು ದೊಡ್ಡವ್ವ, ನಿನಗ ಹೇಳಬೇಕಾಗಿತ್ತು ಅಂದೆವು. ಆಕೆ ನಿಂತು ನಮ್ಮನ್ನೆಲ್ಲ ಒಂದು ಸಲ ನೋಡಿದಳು.

“ಮುಂದಿನ ವರ್ಷ ಕೂಡೂದಿದ್ರ ಮೊದಲ ಹೇಳ್ರಿ. ಹಿಟ್ಟ ನೀವ ತರ್ರಿ, ನಾ ಬಡೀತೇನಿ. ಆ ಗೌಡಗ ಹೇಳ್ರಿ, ಬಿಸಿದ ಅಲ್ಲೇ ತಿನ್ನಬೇಕು. ಮನೀಗೆ ಒಯ್ದರ ಆರತೈತಿ.”