ಯೊರ್ದನ್ ನೋಡಲು ಹೋದ ಅವ್ವ ತೋರಿಸಿದ ಸುರಂಗ ಬಾವಿ

ಯೊರ್ದನ್ ಹೊಳೆ ನೋಡಬೇಕು ಅನ್ನೋದು ಅವ್ವನ ಹಳೇ ಆಸೆ. ಅಪ್ಪ ಇದ್ದಾಗ ಅದನ್ನ ಬಾಯಿಬಿಟ್ಟು ಹೇಳೋ ಹಂಗಿರಲಿಲ್ಲ. ಮನೆ ಮೇಲೆ ಬೋರಿನ ಸಾಲ ಇತ್ತು. ಎರಡು ಎಕರೆ ಹೊಲದಾಗ ಅಪ್ಪ ಮೂರು ಬೋರು ಹಾಕಿಸಿದ್ದ. ಮೂರರಲ್ಲೂ ಬರೀ ಧೂಳು ಬಂತು. ಸಾಲ ತೀರುವ ಹೊತ್ತಿಗೆ ಅಪ್ಪನೂ ತೀರಿಹೋದ.

ಆಮೇಲೆ ಅವ್ವ ಎಮ್ಮೆ ಹಾಲು ಮಾರಿ, ಸಂಘದಲ್ಲಿ ಉಳಿತಾಯ ಮಾಡಿ, ವರ್ಷಗಟ್ಟಲೆ ದುಡ್ಡು ಕೂಡಿಸಿದಳು. ನಮ್ಮ ಬೀದರ್ ಕಡೆಯ ಸಭೆಗಳವರು ಸೇರಿ ಜೋರ್ಡಾನ್ ದೇಶಕ್ಕೆ ಪ್ರವಾಸ ಹೊರಟಾಗ ಹೆಸರು ಬರೆಸಿದಳು. ಮೊಣಕಾಲು ನೋವಿನ ಅವ್ವನನ್ನ ಒಬ್ಬಳೇ ಕಳಿಸೋದು ಹೆಂಗೆ? ಭಾವನ ಹತ್ತಿರ ಸಾಲ ಮಾಡಿ ನಾನೂ ಹೊರಟೆ. ಬಸ್ಸಿನಲ್ಲಿ ಮೂವತ್ತನಾಲ್ಕು ಜನ. ಹೆಚ್ಚಿನವರು ಅರವತ್ತು ದಾಟಿದವರು. ಚೀಲದ ತುಂಬ ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ.

ಮೊದಲು ನೆಬೋ ಬೆಟ್ಟ ಹತ್ತಿದೆವು. ಮೋಶೆ ಇಲ್ಲಿ ನಿಂತು ವಾಗ್ದಾನದ ದೇಶ ನೋಡಿದ, ಆದರೆ ಅದರೊಳಗೆ ಕಾಲಿಡಲಿಲ್ಲ ಅನ್ನುತ್ತದೆ ಬೈಬಲ್. ಕೆಳಗೆ ಕಣಿವೆ, ಮಂಜು ಮಂಜಾಗಿ ಲವಣ ಸಮುದ್ರ. ಪಾಸ್ಟರ್ ಪ್ರಾರ್ಥನೆ ಮುಗಿಸಿದ ಮೇಲೆ ಅವ್ವ ಮೆಲ್ಲಗೆ, “ನಿಮ್ಮಪ್ಪನದೂ ಹಿಂಗೇ ಆಯ್ತು ನೋಡು” ಅಂದಳು. ನಾನು ಏನೂ ಮಾತಾಡಲಿಲ್ಲ.

ಮರುದಿನ ಯೊರ್ದನ್. ಯೇಸುವಿಗೆ ದೀಕ್ಷಾಸ್ನಾನ ಆದ ಜಾಗ ಅಂತ ನಂಬುವ ಈ ತಾಣವನ್ನು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವೆಲ್ಲ ದೊಡ್ಡ ಹೊಳೆ ನೆನೆಸಿಕೊಂಡು ಹೋಗಿದ್ದೆವು. ಕಂಡಿದ್ದು ಕಂದು ಬಣ್ಣದ ಸಣ್ಣ ಹರಿವು. ಆಚೆ ದಡ ಕೆಲವೇ ಮಾರು ದೂರ, ಆದರೆ ಅದು ಗಡಿ. “ಇದಾ ಏನೋ ಯೊರ್ದನ್? ನಮ್ಮ ಮಾಂಜ್ರಾ ಇದಕ್ಕಿಂತ ದೊಡ್ಡದದಲ್ಲೋ!” ಅಂದಳು ಅವ್ವ. ಮೇಲ್ಭಾಗದಲ್ಲಿ ಇಸ್ರೇಲ್, ಸಿರಿಯಾ, ಜೋರ್ಡಾನ್ ಮೂರೂ ದೇಶಗಳು ಈ ನದಿಯ ನೀರನ್ನು, ಅದರ ಉಪನದಿಗಳ ನೀರನ್ನು ತಿರುಗಿಸಿಕೊಂಡಿವೆ. ಅದಕ್ಕೇ ಲವಣ ಸಮುದ್ರದ ಮಟ್ಟವೂ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಆದರೂ ಅವ್ವ ಒಂದು ಬಾಟಲಿ ನೀರು ತುಂಬಿಕೊಂಡಳು.

ಆಮೇಲೆ ಬಸ್ಸು ದಕ್ಷಿಣಕ್ಕೆ, ಮರುಭೂಮಿಯ ಪೆಟ್ರಾ ಕಡೆ ಹೊರಟಿತು. ಪೆಟ್ರಾದ ಪಕ್ಕದ ಊರು ವಾದಿ ಮೂಸಾ. ಅಲ್ಲೊಂದು ಊಟೆ ಇದೆ, ಐನ್ ಮೂಸಾ. ಮೋಶೆ ಕೋಲಿನಿಂದ ಬಂಡೆ ಹೊಡೆದು ನೀರು ತೆಗೆದದ್ದು ಇಲ್ಲೇ ಅಂತ ಅಲ್ಲಿಯವರ ನಂಬಿಕೆ. ಆ ನೀರನ್ನೇ ಎರಡು ಸಾವಿರ ವರ್ಷದ ಹಿಂದೆ ನಬಾತೇಯನ್ ಜನ ಪೆಟ್ರಾ ಪಟ್ಟಣಕ್ಕೆ ಹರಿಸಿಕೊಂಡಿದ್ದರು.

ಪಟ್ಟಣದೊಳಗೆ ಹೋಗಲು ಸಿಕ್ ಅನ್ನೋ ಕಿರಿದಾದ ಕಮರಿಯಲ್ಲಿ ಸುಮಾರು 1.2 ಕಿಲೋಮೀಟರ್ ನಡೀಬೇಕು. ಎರಡೂ ಕಡೆ ಆಕಾಶ ಮುಟ್ಟೋ ಕೆಂಪು ಬಂಡೆ. ಎಲ್ಲರೂ ಮುಂದಿನ ದೊಡ್ಡ ಕಟ್ಟಡದ ಫೋಟೋಕ್ಕೆ ಓಡುತ್ತಿದ್ದರು. ಮೊಣಕಾಲು ಹಿಡಿದುಕೊಂಡಿದ್ದಕ್ಕೆ ಅವ್ವ ಗೋಡೆಗೆ ಆತು ನಿಂತಳು. ಕೈಗೆ ಏನೋ ಸಿಕ್ಕಿತು. ಬಂಡೆಯಲ್ಲೇ ಕಡಿದ ಕಾಲುವೆ, ಸೊಂಟದ ಎತ್ತರದಲ್ಲಿ ಗೋಡೆಗುಂಟ ಸಾಗಿತ್ತು. ಎದುರಿನ ಗೋಡೆಯಲ್ಲಿ ಮಣ್ಣಿನ ಕೊಳವೆ ಕೂರಿಸಿದ ಗುರುತು.

“ಇದಕ್ಕ ಮೋಟರ್ ಎಲ್ಲಿತ್ತೋ?”

“ಮೋಟರ್ ಇಲ್ಲವ್ವ. ಇಳಿಜಾರಿನ ಮೇಲೆ ನೀರು ತಾನೇ ಹೋಗ್ತದ.”

“ಹಂಗಾದ್ರ ನಮ್ಮ ನೌಬಾದ್ ಸುರಂಗ ಬಾವಿನೂ ಹಿಂಗೇ ಅಲ್ಲೇನು?”

ನನಗೆ ಉತ್ತರ ಹೊಳೆಯಲಿಲ್ಲ. ಬೀದರ್ ಪಕ್ಕದ ನೌಬಾದ್‌ನಲ್ಲಿರುವ ಕರೇಜ್ ಬಹಮನಿ ಸುಲ್ತಾನರ ಕಾಲದ್ದು, ಪರ್ಷಿಯಾದ ತಂತ್ರ. ನೆಲದೊಳಗೆ ಸುರಂಗ, ಮೇಲಿಂದ ಅಲ್ಲಲ್ಲಿ ಬಾವಿ, ಇಳಿಜಾರಿನಲ್ಲಿ ನೀರು. ಅದರ ಬಗ್ಗೆ ನಾನು ಒಮ್ಮೆ ಸುದ್ದಿ ಮಾಡಿದ್ದೆ. ಅಧಿಕಾರಿಗಳ ಜೊತೆ ಹೋಗಿ, ಫೋಟೋ ತೆಗೆದು, ಎಂಟು ಸಾಲು ಬರೆದು ಕಳಿಸಿದ್ದೆ. ನೀರು ಹೆಂಗೆ ಹರೀತದ ಅಂತ ಯಾರನ್ನೂ ಕೇಳಿರಲಿಲ್ಲ. ಅದೇ ಕೈಯಿಂದ ಪ್ರತಿ ಬೇಸಿಗೆ ಟ್ಯಾಂಕರ್ ಸುದ್ದಿ ಬರೆಯುತ್ತಿದ್ದೆ. ಎರಡನ್ನೂ ಜೋಡಿಸಿ ನೋಡಿದ್ದು ಡಿಪ್ಲೊಮಾ ಮಾಡಿದ ನಾನಲ್ಲ, ಮೂರನೇ ಇಯತ್ತೆ ಓದಿದ ಅವ್ವ.

ಪೆಟ್ರಾದಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 150 ಮಿಲಿಮೀಟರ್. ನಮ್ಮ ಬೀದರ್‌ನಲ್ಲಿ ಅದರ ಐದು ಪಟ್ಟಿಗಿಂತ ಹೆಚ್ಚು ಬೀಳ್ತದೆ. ಅವರು ಆ ಸ್ವಲ್ಪ ಮಳೆಯನ್ನೂ ಬಂಡೆಯೊಳಗೆ ಕಡಿದ ತೊಟ್ಟಿಗಳಲ್ಲಿ ಹಿಡಿದಿಟ್ಟರು. ಪ್ರವಾಹ ಕಮರಿಗೆ ನುಗ್ಗದಂತೆ ಬಾಯಲ್ಲಿ ಒಡ್ಡು ಕಟ್ಟಿ, ಬೇರೆ ಸುರಂಗಕ್ಕೆ ತಿರುಗಿಸಿದರು. ಮುಂದೆ ಆ ಒಡ್ಡು ಹಾಳಾಯಿತು. 1963ರಲ್ಲಿ ಅದೇ ಕಮರಿಯಲ್ಲಿ ದಿಢೀರ್ ಪ್ರವಾಹ ಬಂದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಒಡ್ಡನ್ನು ಮತ್ತೆ ಕಟ್ಟಿದರು. ಹಳಬರ ಕೆಲಸ ಮರೆತರೆ ಇಂಥ ಬೆಲೆ ತೆರಬೇಕಾಗ್ತದೆ.

ಊರಿಗೆ ಬಂದ ವಾರಕ್ಕೆ ಅವ್ವನನ್ನ ಬೈಕ್ ಮೇಲೆ ಕೂರಿಸಿಕೊಂಡು ನೌಬಾದ್‌ಗೆ ಹೋದೆ. ಒಂದು ಬಾವಿಯ ಬಾಯಲ್ಲಿ ಪ್ಲಾಸ್ಟಿಕ್ ಚೀಲ ಬಿದ್ದಿದ್ದವು. ಅವ್ವ ಬಹಳ ಹೊತ್ತು ಬಗ್ಗಿ ನೋಡಿದಳು. ವಾಪಸ್ ಬರುವಾಗ, “ನಮ್ಮ ಹೊಲದ ಬಾವಿ ಏನಾಯ್ತೋ?” ಅಂತ ಕೇಳಿದಳು.

ತಾತ ತೋಡಿಸಿದ ಆ ಬಾವಿಯನ್ನ ಬೋರು ಹಾಕಿಸುವಾಗ ಅಪ್ಪ ಕಲ್ಲು ಮಣ್ಣು ಹಾಕಿ ಮುಚ್ಚಿಸಿದ್ದ. ಈಗ ನಾನೂ ತಮ್ಮನೂ ಭಾನುವಾರಗಳಂದು ಹೂಳು ತೆಗೆಯುತ್ತಿದ್ದೇವೆ. ಹನ್ನೆರಡು ಅಡಿ ಇಳಿದಿದ್ದೇವೆ. ಮೇಲಿನ ಹೊಲದ ಮಳೆ ನೀರು ಹರಿದು ಬಾವಿಯ ಹತ್ತಿರ ಇಂಗಲಿ ಅಂತ ಒಂದು ಸಣ್ಣ ಕಾಲುವೆ, ಪಕ್ಕದಲ್ಲಿ ಗುಂಡಿ ತೋಡಿದ್ದೇವೆ. ನೀರು ನಿಲ್ಲುತ್ತದೋ ಇಲ್ಲವೋ, ಮಳೆಗಾಲ ಹೇಳಬೇಕು.

ಯೊರ್ದನ್ ನೀರಿನ ಬಾಟಲಿ ಇನ್ನೂ ಅಪ್ಪನ ಫೋಟೋದ ಪಕ್ಕದಲ್ಲೇ ಇದೆ. ಬಾವಿಗೆ ನೀರು ಬಂದ ದಿನ ಅದನ್ನ ಅದರೊಳಗೆ ಸುರಿಯೋದು ಅಂತ ಅವ್ವ ತೀರ್ಮಾನ ಮಾಡಿದ್ದಾಳೆ.

ನಿಮ್ಮೂರಲ್ಲೂ ಇಂಥ ಮುಚ್ಚಿಹೋದ ನೀರಿನ ದಾರಿ ಇರಬಹುದು. ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡಿ.