ಎರಡು ಎಂಜಿನ್, ಒಂದೇ ಹಳಿ

ನಾರಾಯಣಖೇಡಕ್ಕೆ ಇನ್ನೂ ರೈಲು ಬಂದಿಲ್ಲ. ಅಲ್ಲಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ರೈಲು ನೋಡಬೇಕೆಂದರೆ ಜಹೀರಾಬಾದಿಗೆ ಬರಬೇಕು. ಅಲ್ಲಿ ವಿಕಾರಾಬಾದ್–ಬೀದರ್ ಮಾರ್ಗ ಹಾದುಹೋಗುತ್ತದೆ. ತಾಂಡೂರಿನ ಮಕ್ಕಳಿಗೆ ಆ ಕೊರತೆಯಿಲ್ಲ. 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗ ಅವರ ಊರಿನ ನಡುವೆಯೇ ಇದೆ. ಹಾಸುಗಲ್ಲು, ಸಿಮೆಂಟು, ತೊಗರಿಗೆ ಹೆಸರಾದ ಊರು ಅದು. ಅಲ್ಲಿ ಮಕ್ಕಳು ಹಾಸಿಗೆಯಲ್ಲಿ ಮಲಗಿಕೊಂಡೇ ಗೂಡ್ಸ್ ಯಾವುದು, ಎಕ್ಸ್‌ಪ್ರೆಸ್ ಯಾವುದು ಎಂದು ಹೇಳಬಲ್ಲರು.

ಈ ಮೂರೂ ಊರುಗಳ ಮನೆಭೇಟಿಗೆ ಹೋಗುವ ನನಗೆ ತಾಂಡೂರಿನ ಒಂದು ಮನೆಯಲ್ಲಿ ಪ್ರಾರ್ಥನೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಮನೆಯ ಯಜಮಾನರು ವಾಡಿ ಕಡೆಯವರು, ನಿವೃತ್ತ ಲೋಕೋ ಪೈಲಟ್. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ರೈಲು ಓಡಿಸುವವರ ಕಣ್ಣಿನ ಪರೀಕ್ಷೆ ಬಹಳ ಕಟ್ಟುನಿಟ್ಟು. ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿರುವಾಗ ಕಾಕಾ ಆ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಎಂಜಿನ್‌ನಿಂದ ಇಳಿಸಿ ಮೇಜಿನ ಕೆಲಸಕ್ಕೆ ಹಾಕಿದರು. ಸಂಬಳ ಬಂತು, ಪಿಂಚಣಿಯೂ ಬರುತ್ತಿದೆ. ಆದರೆ ಆ ಮೇಜಿನ ವರ್ಷಗಳ ಬಗ್ಗೆ ಅವರು ನನ್ನೊಡನೆ ಒಂದು ಮಾತನ್ನೂ ಆಡಿಲ್ಲ.

ಜರ್ಮನಿಯಲ್ಲಿರುವ ಮಗ ರಜೆಗೆ ಬಂದಾಗ ಅಪ್ಪನಿಗೆಂದು ಎರಡು ಪುಟ್ಟ ಎಂಜಿನ್ ತಂದುಕೊಟ್ಟಿದ್ದ. ಒಂದು ಹೊಸದು, ಇನ್ನೊಂದು ಯಾರೋ ಮಾರಿದ ಹಳೆಯದು. 1:160 ಅಳತೆಯವು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವೆ 1,676 ಮಿಲಿಮೀಟರ್ ಅಂತರವಿದ್ದರೆ ಇಲ್ಲಿ ಬರೀ 9. ಎಂಜಿನ್ ಅಂಗೈ ಮೇಲೆ ಕೂರುತ್ತದೆ. ಹಳಿಗೆ 12 ವೋಲ್ಟ್ ಕೊಟ್ಟರೆ ಓಡುತ್ತದೆ, ಕಡಿಮೆ ಮಾಡಿದರೆ ನಿಧಾನ, ತಂತಿ ಅದಲುಬದಲು ಮಾಡಿದರೆ ಹಿಂದಕ್ಕೆ. ಅಷ್ಟೇ ವಿದ್ಯೆ. ತೊಂದರೆ ಏನೆಂದರೆ, ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ.

"ಫಾದರ್, ಎರಡೂ ಕೂಡೇ ಓಡ್ತಾವ್ರೀ. ಒಂದು ಲೂಪ್‌ನಾಗ ನಿಲ್ಲಬೇಕು, ಇನ್ನೊಂದು ದಾಟಿ ಹೋಗಬೇಕು. ಇಲ್ಲಂದ್ರ ಅದು ರೈಲ್ವೆ ಹೆಂಗಾದೀತು?" ಎಂದು ಕೇಳಿದ ಕಾಕಾ, ಮಗ ಕಳಿಸಿದ ಡಿಕೋಡರುಗಳ ಪೊಟ್ಟಣವನ್ನು ನನ್ನ ಮುಂದಿಟ್ಟರು. "ನಿಮ್ಮ ಕಣ್ಣು ಚಲೋ ಅದಾವ. ನೀವೇ ಹಾಕಿಕೊಡ್ರಿ."

ಗುರುಮಠದಲ್ಲಿ ದೇವಶಾಸ್ತ್ರದ ಜೊತೆಗೆ ನಾನು ಕಲಿತ ಇನ್ನೊಂದು ವಿದ್ಯೆ ಮೈಕ್ ಸೆಟ್ ರಿಪೇರಿ. ಬೆಸುಗೆ ಕಡ್ಡಿ ಇಂದಿಗೂ ನನ್ನ ಬಳಿ ಇದೆ. ಪುಟ್ಟ ರೈಲಿನ ಹುಚ್ಚು ಪಾದ್ರಿಗಳಿಗೆ ಹೊಸತೇನೂ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಮ್ಮ ಮಕ್ಕಳು ಟಿವಿಯಲ್ಲಿ ನೋಡುವ ಥಾಮಸ್ ಎಂಜಿನ್ನಿನ ಕತೆಗಾರ ವಿಲ್ಬರ್ಟ್ ಆಡ್ರಿ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ. ದಡಾರ ಬಂದು ಮಲಗಿದ್ದ ಮಗನಿಗೆ ಹೇಳಿದ ಕತೆಗಳು 1945ರಲ್ಲಿ ಪುಸ್ತಕವಾಗತೊಡಗಿದವು.

ಡಿಕೋಡರ್ ಎಂದರೇನು? ಹುಣಸೆ ಬೀಜದಷ್ಟಿರುವ ಒಂದು ಚೂರು. ಇದನ್ನು ಹಾಕಿದ ಮೇಲೆ ಹಳಿಯಲ್ಲಿ ವಿದ್ಯುತ್ತು ಯಾವಾಗಲೂ ಪೂರ್ತಿ ಇರುತ್ತದೆ, ಅದರ ಜೊತೆಗೇ ಆಜ್ಞೆಗಳೂ ಹರಿಯುತ್ತವೆ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಸಿಸ್ಟರ್ ಹಾಜರಿ ಕೂಗುವುದನ್ನು ನೆನೆಸಿಕೊಳ್ಳಿ. ಕೂಗು ಎಲ್ಲರಿಗೂ ಕೇಳುತ್ತದೆ, ಹೆಸರಿದ್ದವರು ಮಾತ್ರ ಏಳುತ್ತಾರೆ. ಹಾಗೆಯೇ ಪ್ರತಿ ಎಂಜಿನ್ನಿಗೂ ಒಂದು ಸಂಖ್ಯೆ. ಈ ಪದ್ಧತಿ ಜರ್ಮನಿಯ ಬೆರ್ನ್ಡ್ ಲೆನ್ಸ್ ಎಂಬ ತಂತ್ರಜ್ಞನ ಕೆಲಸದಿಂದ ಬೆಳೆದದ್ದು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಇದನ್ನೇ ಎಲ್ಲರಿಗೂ ಒಂದು ಮಾನದಂಡವಾಗಿ ಒಪ್ಪಿದ್ದರಿಂದ, ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಯಂತ್ರದ ಮಾತನ್ನು ಕೇಳುತ್ತದೆ.

ಹೊಸ ಎಂಜಿನ್ನಿನಲ್ಲಿ ಆರು ರಂಧ್ರಗಳ ಸಾಕೆಟ್ ಇತ್ತು, ಚುಚ್ಚಿದರೆ ಮುಗಿಯಿತು. ಹಳೆಯದರಲ್ಲಿ ಇತ್ತು ನಿಜವಾದ ಕೆಲಸ. ಮೊದಲು ಸಾದಾ ಕರೆಂಟಿನಲ್ಲಿ ಓಡಿಸಿ ನೋಡಿ, ಚಕ್ರ ಒರೆಸಿ, ಹೊದಿಕೆ ಕಳಚಿದೆ. ಮೋಟರಿಗೆ ಕರೆಂಟು ಕೊಡುವ ಎರಡು ಬ್ರಷ್‌ಗಳಲ್ಲಿ ಒಂದು ಲೋಹದ ಚೌಕಟ್ಟಿಗೆ ನೇರವಾಗಿ ತಾಗಿಕೊಂಡಿತ್ತು. ಡಿಕೋಡರ್ ಹಾಕುವವರಿಗೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇದೇ: ಹಳಿಯಿಂದ ಮೋಟರಿಗೆ ನೇರ ದಾರಿ ಒಂದೂ ಉಳಿಯಬಾರದು. ಉಳಿದರೆ ಕರೆಂಟು ಕೊಟ್ಟ ಕ್ಷಣದಲ್ಲೇ ಡಿಕೋಡರ್ ಸುಟ್ಟುಹೋಗಬಹುದು. ಬ್ರಷ್ಷಿನ ಸುತ್ತ ಶಾಖ ತಡೆಯುವ ತೆಳು ಟೇಪು ಸುತ್ತಿದೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ರಷ್ಷಿಗೆ, ಇನ್ನೊಂದು ಚಕ್ರಕ್ಕೆ ಇಟ್ಟು ಕೇಳಿದೆ. ಬೀಪ್ ಶಬ್ದ ಬರಲಿಲ್ಲ. ಆ ಬದಿಯ ಚಕ್ರಕ್ಕೂ ಇಟ್ಟೆ. ಅಲ್ಲೂ ಮೌನ. ಆಮೇಲೆ ಕೂದಲೆಳೆಯಂಥ ತಂತಿಗಳ ಬೆಸುಗೆ: ಕೆಂಪು ಬಲಗಡೆಯ ಚಕ್ರಗಳ ಕರೆಂಟಿಗೆ, ಕಪ್ಪು ಎಡಗಡೆಗೆ, ಕಿತ್ತಳೆ ಮತ್ತು ಬೂದು ಬಣ್ಣದವು ಮೋಟರಿಗೆ. ನೀಲಿ, ಬಿಳಿ, ಹಳದಿ ದೀಪಗಳಿಗೆ.

ಕರೆಂಟು ಬಹಳ ಕಡಿಮೆ ಹರಿಯುವ ಪ್ರತ್ಯೇಕ ಹಳಿತುಂಡಿನ ಮೇಲಿಟ್ಟು ಡಿಕೋಡರನ್ನು ಮಾತಾಡಿಸಬೇಕು. ಜೋಡಣೆ ತಪ್ಪಿದ್ದರೂ ಅಲ್ಲಿ ಸುಡುವ ಭಯ ಕಡಿಮೆ. "ನಿನ್ನ ಸಂಖ್ಯೆ 3 ಹೌದೇ?" ಎಂದು ಯಂತ್ರ ಕೇಳಿದಾಗ, ಹೌದಾದರೆ ಮೋಟರು ಒಂದು ಕ್ಷಣ ಮಿಡುಕುತ್ತದೆ. ಅದೇ ಅದರ ಉತ್ತರ. ಎಂಜಿನ್ ತುಸುವೇ ಅಲುಗಿದ್ದು ಕಾಕಾನಿಗೆ ಕಾಣಲಿಲ್ಲ, ಕೇಳಿಸಿತು. "ಜೀವ ಬಂತು," ಎಂದರು.

ಕಾರ್ಖಾನೆಯಿಂದ ಬರುವಾಗ ಡಿಕೋಡರುಗಳ ಸಂಖ್ಯೆ ಸಾಮಾನ್ಯವಾಗಿ 3 ಆಗಿರುತ್ತದೆ. ಆದ್ದರಿಂದ ಹಳೆಯದಕ್ಕೆ 7 ಎಂದು ಬರೆದೆ. ಮೂರನ್ನು ಕರೆದರೆ ಮೂರು, ಏಳನ್ನು ಕರೆದರೆ ಏಳು. ನನ್ನ ಕೆಲಸ ಮುಗಿಯಿತೆಂದುಕೊಂಡೆ. ಕಾಕಾನ ಕೆಲಸ ಶುರುವಾದದ್ದು ಆಗ. ಎಂಜಿನ್ ಎಷ್ಟು ನಿಧಾನಕ್ಕೆ ವೇಗ ಪಡೆಯಬೇಕು, ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದಕ್ಕೆ ಡಿಕೋಡರಿನಲ್ಲಿ ಎರಡು ಬೇರೆ ಬೇರೆ ಅಂಕಿಗಳಿವೆ. ಅವರು ಕಣ್ಣು ಮುಚ್ಚಿ ಮೋಟರಿನ ಸದ್ದು ಕೇಳುತ್ತಾ, "ಇನ್ನೂ ಹಾಕ್ರಿ. ಸಿಮೆಂಟ್ ತುಂಬಿದ ಗಾಡಿ ಹಿಂಗ ಜಿಗಿದು ಹೊರಡೂದಿಲ್ಲ," ಎನ್ನುವರು. ನಿಲ್ಲುವ ಅಂಕಿ ಅವರಿಗೆ ಒಪ್ಪಿಗೆಯಾಗುವಷ್ಟರಲ್ಲಿ ಕಾಕಿ ಎರಡು ಸಲ ಚಹಾ ತಂದಿದ್ದರು.

ಅಂದೇ ಅವರು 'ಕವಚ್' ವಿಷಯ ತೆಗೆದರು. ರೈಲುಗಳ ಡಿಕ್ಕಿ ತಪ್ಪಿಸುವ ನಮ್ಮ ದೇಶದ ಈ ವ್ಯವಸ್ಥೆಯ ಆರಂಭದ ಪರೀಕ್ಷೆಗಳು ನಡೆದದ್ದು ನಮ್ಮದೇ ಹಳಿಗಳಲ್ಲಿ: ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳು, ಸುಮಾರು 250 ಕಿಲೋಮೀಟರ್. ತಾಂಡೂರು ಮೊದಲನೆಯದರಲ್ಲಿ, ಜಹೀರಾಬಾದ್ ಎರಡನೆಯದರಲ್ಲಿ. ಪ್ರಯಾಣಿಕರ ಗಾಡಿಗಳಲ್ಲಿ 2016ರಲ್ಲಿ ಪರೀಕ್ಷೆ ಶುರುವಾಯಿತು. 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟಗಿಡ್ಡ ನಡುವೆ ರೈಲ್ವೆ ಸಚಿವರು ಕುಳಿತಿದ್ದ ಎಂಜಿನ್, ಎದುರಿದ್ದ ಇನ್ನೊಂದು ಎಂಜಿನ್‌ಗೆ 380 ಮೀಟರ್ ದೂರದಲ್ಲಿ ತಾನೇ ನಿಂತಿತು. ಹಳಿಗಳ ನಡುವೆ ಕೂರಿಸಿದ ಟ್ಯಾಗುಗಳು ಗಾಡಿ ಎಲ್ಲಿದೆಯೆಂದು ತಿಳಿಸುತ್ತವೆ, ನಿಲ್ದಾಣದ ರೇಡಿಯೋ ಮುಂದಿನ ಸಿಗ್ನಲ್ ಏನೆಂದು ಹೇಳುತ್ತದೆ, ಚಾಲಕ ಕೆಂಪು ದಾಟುವಂತಿದ್ದರೆ ಬ್ರೇಕು ತಾನಾಗಿ ಬೀಳುತ್ತದೆ.

"ಹಾಗಾದರೆ ನಮ್ಮ ಡಿಕೋಡರಿನ ಅಣ್ಣ ಅನ್ನಿ," ಎಂದೆ.

"ಅಲ್ರೀ ಫಾದರ್," ಕಾಕಾ ತಕ್ಷಣ ತಿದ್ದಿದರು. "ಇದು ಹೇಳಿದ್ದು ಕೇಳ್ತದ. ಅದು ಡ್ರೈವರನ ಕೆಲಸ ಕಸಗೊಳ್ಳೂದಿಲ್ಲ. ಗಾಡಿ ಓಡಸಾಂವ ಅವನೇ. ಅವನ ಕಣ್ಣು ತಪ್ಪಿದಾಗ ಅಷ್ಟೇ ಅದು ಕೈ ಹಾಕ್ತದ." ತುಸು ಹೊತ್ತು ಸುಮ್ಮನಿದ್ದು, "ಚಳಿಗಾಲದಾಗ ಮಂಜು ಬಿದ್ದಾಗ ಸಿಗ್ನಲ್ ಹುಡುಕಿ ಹುಡುಕಿ ಕಣ್ಣಾಗ ನೀರು ಬರ್ತಿತ್ತು. ಹಿಂದ ಸಾವಿರ ಮಂದಿ ಮಲಗಿರ್ತಿದ್ರು," ಎಂದರು. ಕಾಕಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರ ಗಂಡ ಡ್ಯೂಟಿಗೆ ಹೋದ ರಾತ್ರಿಗಳಲ್ಲಿ ಆ ಮನೆಯಲ್ಲಿ ಜಪಸರ ಎಷ್ಟು ಸಲ ತಿರುಗಿರಬಹುದು ಎಂದು ನಾನು ಕೇಳಲಿಲ್ಲ.

ದಸರಾ ರಜೆಗೆ ನಾರಾಯಣಖೇಡದಿಂದ ಮಗಳ ಮಗ ಬಂದಿದ್ದ. ಅಜ್ಜ ಅವನಿಗೆ ಮೊದಲು ಕಲಿಸಿದ್ದು ಓಡಿಸುವುದನ್ನಲ್ಲ. ಏಳನ್ನು ಲೂಪ್‌ನಲ್ಲಿ ನಿಲ್ಲಿಸಿ, ಮೂರು ದಾಟುವವರೆಗೆ ಗುಂಡಿಯಿಂದ ಕೈ ತೆಗೆದು ಕಾಯುವುದನ್ನು. ಹುಡುಗನಿಗೆ ಅದು ಬಹಳ ಕಷ್ಟವಾಯಿತಂತೆ.

ಹಳೆಯ ಎಂಜಿನ್ನಿನ ಹಿಂದಿನ ದೀಪಕ್ಕೆ ಹೋಗುವ ಹಳದಿ ತಂತಿಯೊಂದು ಉಳಿದಿದೆ. ಹೊಸ ಬಲ್ಬು ಬರಬೇಕು. ಮುಂದಿನ ತಿಂಗಳು ತಾಂಡೂರಿಗೆ ಹೋದಾಗ ಮಾಡಿಕೊಡುತ್ತೇನೆಂದು ಹೇಳಿದ್ದೇನೆ. ಕಾಕಾ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.