ಚಾವಿ, ಪಗಾರ ಮತ್ತು ಅಕ್ಕನ ಮಗಳ ಸ್ಪ್ಯಾನಿಶ್

ಅಕ್ಕನ ಮಗಳಿಗೆ ಏಳು ವರ್ಷ. ಹುಟ್ಟಿ ಬೆಳೆದದ್ದೆಲ್ಲ ಟೆಕ್ಸಾಸ್‌ನಲ್ಲಿ. ಅವಳ ಶಾಲೆಯಲ್ಲಿ ಅರ್ಧ ಪಾಠ ಇಂಗ್ಲಿಷು, ಅರ್ಧ ಸ್ಪ್ಯಾನಿಶ್ಶು. 1836ರವರೆಗೆ ಟೆಕ್ಸಾಸ್ ಮೆಕ್ಸಿಕೋದ್ದೇ ಭಾಗ ಆಗಿತ್ತಲ್ಲ, ಹಾಗಾಗಿ ಕಾರವಾರದಲ್ಲಿ ಕೊಂಕಣಿ ಹೇಗೋ ಅಲ್ಲಿ ಸ್ಪ್ಯಾನಿಶ್ ಹಾಗೆ. ಕನ್ನಡ? ಅರ್ಧಂಬರ್ಧ ಅರ್ಥ ಆಗತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲೇ.

ಜೂನ್ ಮೊದಲ ವಾರ ಎಲ್ಲ ಅಗಸೂರಿಗೆ ಬಂದಿದ್ವಿ. ಗಂಗಾವಳಿ ಇನ್ನೂ ತುಂಬಿರಲಿಲ್ಲ, ಕರಿ ಇಶಾಡು ಮಾವು ಮುಗೀತಾ ಬಂದಿತ್ತು. (2023ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ನಮಗೆ ಅದಕ್ಕಿಂತ ಮುಂಚೆನೇ ಗೊತ್ತಿತ್ತು ಬಿಡಿ :-) ) ಒಂದು ದಿನ ಅಜ್ಜಿಗೆ ಕಾರವಾರದಲ್ಲಿ ಕಣ್ಣಿನ ಡಾಕ್ಟರ್ ಹತ್ರ ತೋರಿಸೋದಿತ್ತು. ನಾಲ್ಕೂ ಜನ ಬಸ್ಸಲ್ಲೇ ಹೊರಟ್ವಿ.

ಅಂಕೋಲೆಯಲ್ಲಿ ಬಸ್ಸು ಬದಲಿಸಿದ ಮೇಲೆ ಅಜ್ಜಿ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ತಗೊಂಡ್ಲು. ನಾವು ಮೂವರು ದುಡ್ಡು ಕೊಟ್ವಿ. ಅದರ ಖುಷಿಗೋ ಏನೋ, ಮೊಮ್ಮಗಳನ್ನ ಕೇಳಿದ್ಳು, "ತಂಗೀ, ನಿನ್ನಪ್ಪಂಗೆ ಅಲ್ಲಿ ಪಗಾರ ಎಷ್ಟು?"

ಹುಡುಗಿ ಕಣ್ಣರಳಿಸಿ ನನ್ನ ನೋಡಿ, "ಮಾಮ, ಅಜ್ಜಿಗೆ ಸ್ಪ್ಯಾನಿಶ್ ಬರತ್ತಾ?" ಅಂತ ಇಂಗ್ಲಿಷಲ್ಲಿ ಕೇಳಿದ್ಳು. 'ಪಗಾರ್' ಅಂದ್ರೆ ಸ್ಪ್ಯಾನಿಶಲ್ಲಿ ಹಣ ಕೊಡೋದು!

ವಿಷಯ ಇಷ್ಟೇ. ಪೋರ್ಚುಗೀಸರು 1510ರಿಂದ 1961ರ ತನಕ ಗೋವಾದಲ್ಲಿದ್ರು. ಅವರ ಭಾಷೆ ಸ್ಪ್ಯಾನಿಶಿನ ತಂಗಿ ಇದ್ದ ಹಾಗೆ, ಎರಡರ ತಾಯಿಯೂ ಲ್ಯಾಟಿನ್. ಪಗಾರ, ಚಾವಿ, ಬಾಲ್ದಿ, ಬಟಾಟೆ ಎಲ್ಲ ಆ ಕಡೆಯಿಂದ ಬಂದು ನಮ್ಮ ಅಡುಗೆಮನೆ, ಬಚ್ಚಲು ಸೇರಿದ್ವು. ಚಾವಿಗೆ ಪೋರ್ಚುಗೀಸಲ್ಲಿ 'ಶಾವೆ', ಸ್ಪ್ಯಾನಿಶಲ್ಲಿ 'ಯಾವೆ'. ಬಾಲ್ದಿಗೆ ಎರಡರಲ್ಲೂ 'ಬಾಲ್ದೆ'. ಗೇರಿನದ್ದಂತೂ ದೊಡ್ಡ ತಮಾಷೆ. ಗಿಡ ಬಂದಿದ್ದು ಬ್ರೆಜಿಲ್‌ನಿಂದ, ಪೋರ್ಚುಗೀಸರ ಹಡಗಲ್ಲಿ. ಮೆಕ್ಸಿಕೋದವರು ಗೇರುಬೀಜಕ್ಕೆ 'ನುಯೆಸ್ ದೆ ಲಾ ಇಂದಿಯಾ' ಅಂತಾರೆ, ಅಂದ್ರೆ ಭಾರತದ ಬೀಜ!

ಅವರ್ಸಾ ದಾಟೋವರೆಗೂ ಅಜ್ಜಿ ಮೊಮ್ಮಗಳ ಆಟ ನಡೀತು. ನನ್ನ ಪಕ್ಕ ಕೂತಿದ್ದ ಅಕ್ಕ ಮೆಲ್ಲಗೆ ಅಂದ್ಲು, "ಇವಳಿಗೆ ಎರಡು ಭಾಷೆ ಸಾಕು ಕಣೋ. ಮೂರನೇದು ತುರುಕಿದ್ರೆ ತಲೆ ಕೆಡತ್ತೆ. ಮನೆಯಲ್ಲೂ ಇನ್ಮೇಲೆ ಇಂಗ್ಲಿಷೇ ಅಂತ ಮಾಡಿದೀವಿ. ಮುಂದೆ ಇವಳು ಯಾರ ಹತ್ರ ಕನ್ನಡ ಮಾತಾಡ್ಬೇಕು ಹೇಳು?"

ಅಜ್ಜಿಯ ಕಣ್ಣು ಮಂದ ಆಗಿದೆ, ಕಿವಿ ಅಲ್ಲ. ತಿರುಗದೇನೇ ಹೇಳಿದ್ಳು, "ಯಾರ ಹತ್ರ ಅಂದ್ರೆ? ನಾ ಇನ್ನೂ ಇದ್ದೆ."

ಆಮೇಲೆ ಆಮದಳ್ಳಿ ಬರೋತನಕ ಯಾರೂ ಮಾತಾಡಲಿಲ್ಲ. ಅದೇ ಬಸ್ಸಲ್ಲಿ ಕಂಡಕ್ಟರ್ ಒಬ್ಬರ ಹತ್ರ ಕನ್ನಡ, ಮೀನು ಬುಟ್ಟಿಯವಳ ಹತ್ರ ಕೊಂಕಣಿ, ನೌಕಾನೆಲೆಯ ಹುಡುಗರ ಹತ್ರ ಹಿಂದಿ ಮಾತಾಡ್ತಾ ಚಿಲ್ಲರೆ ಎಣಿಸ್ತಿದ್ದ. ಅವನ ತಲೆ ಕೆಟ್ಟ ಹಾಗೆ ನನಗೇನೂ ಕಾಣಲಿಲ್ಲ. ಅಕ್ಕನಿಗೆ ಅದನ್ನ ಹೇಳಿದೆ ಕೂಡ. "ಅವ ಇಲ್ಲಿರೋನು, ಇವಳು ಅಲ್ಲಿರೋಳು" ಅಂದ್ಲು. ಅದೂ ಸುಳ್ಳಲ್ಲ.

ಡಾಕ್ಟರು ಪೊರೆ ಬಂದಿದೆ, ಮಳೆಗಾಲ ಕಳೀಲಿ ಅಂದ್ರು. ಟಾಗೋರ್ ಬೀಚಲ್ಲಿ ಚಪಲ್ ಯುದ್ಧನೌಕೆ ನೋಡಿದ್ವಿ. ಹುಡುಗಿಗೆ ಹಡಗಿಗಿಂತ ಅದರ ಕೆಳಗೆ ಮಲಗಿದ್ದ ನಾಯಿ ಇಷ್ಟ ಆಯ್ತು.

ಸಂಜೆ ಏಳಕ್ಕೆ (ಅಲ್ಲಿ ಬೆಳಿಗ್ಗೆ ಎಂಟೂವರೆ) ಜಗುಲಿಯಲ್ಲಿ ಅವಳ ಆನ್‌ಲೈನ್ ಸ್ಪ್ಯಾನಿಶ್ ಕ್ಲಾಸು. ನೆಟ್‌ವರ್ಕ್ ಸಿಗೋ ಮೂಲೆ ಅದೊಂದೇ. ಇವತ್ತು ಏನು ಮಾಡಿದೆ ಅಂತ ಟೀಚರ್ ಕೇಳಿರಬೇಕು, ಇವಳು ಒಳಗೆ ಓಡಿ ಕಪಾಟಿನ ಚಾವಿ ಗೊಂಚಲು, ಬಚ್ಚಲ ಬಾಲ್ದಿ, ಕೊನೆಗೆ ಅಜ್ಜಿಯನ್ನೂ ಎಳ್ಕೊಂಡು ಬಂದ್ಲು. ಟೀಚರ್ ನಗ್ತಾ 'ಅಬುವೆಲಾ, ಅಬುವೆಲಾ' ಅಂದ್ರು. ಅಜ್ಜಿ ಅಂತ ಅರ್ಥ. ಅಜ್ಜಿ ಸೆರಗು ಸರಿ ಮಾಡ್ಕೊಂಡು, ಆ ಟೆಕ್ಸಾಸಿನ ಹೆಂಗಸಿಗೆ ಅಚ್ಚ ಕನ್ನಡದಲ್ಲಿ, "ಊಟ ಆಯ್ತೇ?" ಅಂತ ಕೇಳಿದ್ಳು. ಅದಕ್ಕೆ ಇವಳು ಸ್ಪ್ಯಾನಿಶಲ್ಲಿ ಏನೋ ಹೇಳಿ, ಅಜ್ಜಿ ಕಡೆ ತಿರುಗಿ, "ಆಯ್ತಂತೆ" ಅಂದ್ಲು.

'ಆಯ್ತಂತೆ'. ಕನ್ನಡದಲ್ಲಿ! ಅಕ್ಕ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡ್ಲು, ಏನೂ ಅನ್ನಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯ್ತು.

ಅವರು ವಾಪಸ್ ಹೋಗಿ ಆಯ್ತು. ಮನೆಯಲ್ಲಿ ಇಂಗ್ಲಿಷೇ ಅನ್ನೋದು ಇನ್ನೂ ಹಾಗೇ ಇದೆ. ಭಾನುವಾರದ ವಿಡಿಯೋ ಕಾಲಲ್ಲಿ ಮಾತ್ರ ಹತ್ತು ನಿಮಿಷ ಅಜ್ಜಿಯದು. ಈ ವಾರಕ್ಕೆ 'ಟುವಾಲು' ತೆಗೆದಿಟ್ಟಿದಾಳೆ.